ಭದ್ರಾವತಿಗೆ ವೆಬ್‌ಸೈಟ್ ಮಾರಲು ಹೋದದ್ದು

ಭದ್ರಾವತಿಗೆ ಹೊರಟ ಬೆಳಿಗ್ಗೆ ನಾನು ಮತ್ತೆ ಮತ್ತೆ ಬಟ್ಟೆ ಬದಲಾಯಿಸಿದೆ. ರೇಷ್ಮೆ ಸೀರೆ ಉಟ್ಟರೆ ಮದುವೆಗೆ ಕರೆಯಲು ಬಂದವಳಂತೆ ಕಾಣುತ್ತೇನೆ, ಹತ್ತಿ ಸೀರೆ ಉಟ್ಟರೆ ಜನಗಣತಿಗೆ ಬಂದವಳಂತೆ. ಕೊನೆಗೆ ಚೂಡಿದಾರ್ ಹಾಕಿಕೊಂಡು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ, ದುರ್ಗಿಗುಡಿಯ ನಮ್ಮ ಮನೆಯಿಂದ ಹೊರಬಿದ್ದೆ. ನಮ್ಮನೆಯವರು ಗೇಟಿನವರೆಗೂ ಬಂದು, ಸಂಜೆಯೊಳಗೆ ಬರುತ್ತೀಯಲ್ಲ ಎಂದು ಕೇಳಿದರು. ನಾನು ಹೋಗುತ್ತಿದ್ದದ್ದು ಇಪ್ಪತ್ತು ಕಿಲೋಮೀಟರ್ ದೂರದ ಊರಿಗೆ. ಅವರ ಮುಖ ನೋಡಿದ್ದರೆ ನಾನು ಹಡಗು ಹತ್ತುತ್ತಿದ್ದೇನೆ ಅನ್ನಬೇಕು.

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಭದ್ರಾವತಿಗೆ ನಾನು ಮದುವೆ, ನಾಮಕರಣ ಎಂದು ಎಷ್ಟೋ ಸಲ ಹೋಗಿದ್ದೇನೆ. ಆದರೆ ಏನನ್ನಾದರೂ ಮಾರಲು ಹೋಗುತ್ತಿದ್ದದ್ದು ಅದೇ ಮೊದಲು. ಮಾರಬೇಕಾಗಿದ್ದದ್ದೂ ತಕ್ಕಡಿಯಲ್ಲಿ ಇಟ್ಟು ತೋರಿಸುವ ವಸ್ತುವಲ್ಲ, ವೆಬ್‌ಸೈಟು.

ನಾನು ವರ್ಷಗಟ್ಟಲೆ ಶಿವಮೊಗ್ಗದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವಳು. ಲಗ್ನಪತ್ರಿಕೆ, ಹುಟ್ಟುಹಬ್ಬದ ಬ್ಯಾನರು, ಶ್ರದ್ಧಾಂಜಲಿ, ಎಲ್ಲವೂ ನನ್ನ ಕೈಯಿಂದಲೇ ಹೋಗಬೇಕು. ಆಲ್ಕೊಳದಲ್ಲಿರುವ ಗೆಳತಿ ಶಬಾನಾ ಮನೆಯಲ್ಲೇ ಕೂತು ವೆಬ್‌ಸೈಟ್ ಕಟ್ಟುವುದನ್ನು ಕಲಿತಿದ್ದಳು. ಸಣ್ಣ ಅಂಗಡಿಯವರಿಗೆ ಕಡಿಮೆ ದರದಲ್ಲಿ ಮಾಡಿಕೊಡೋಣ, ಕನ್ನಡದಲ್ಲೇ ಇರಲಿ, ಫೋಟೋ, ವಿಳಾಸ, ಒತ್ತಿದರೆ ಫೋನ್ ಹೋಗುವ ಒಂದು ಗುಂಡಿ, ವರ್ಷಕ್ಕೆ ಐದು ಸಾವಿರದೊಳಗೆ ಮುಗಿಸೋಣ ಎಂದು ಇಬ್ಬರೂ ಮಾತಾಡಿಕೊಂಡೆವು. ನಾನು ಕೆಲಸ ಬಿಟ್ಟೆ. ಅವಳದು ತಲೆ, ನನ್ನದು ಬಾಯಿ ಎಂದು ಕೆಲಸ ಹಂಚಿಕೊಂಡೆವು. ನನ್ನ ಬಾಯಿಯ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಆ ಬಾಯಿಗೆ ಅಷ್ಟು ದಿನದಲ್ಲಿ ಬಿದ್ದವರು ಮೂರೇ ಜನ. ನನ್ನ ಭಾವ, ಶಬಾನಾಳ ಮಾವ, ನಮ್ಮ ಓಣಿಯ ಟ್ಯೂಷನ್ ಮೇಷ್ಟ್ರು. ಎಲ್ಲರೂ ನೆಂಟರು, ಇಲ್ಲವೇ ನೆಂಟರಷ್ಟೇ ಹತ್ತಿರದವರು. ಶಿವಮೊಗ್ಗದ ಬೇರೆ ಅಂಗಡಿಗಳವರು ನಮ್ಮ ಮನೆತನವನ್ನೆಲ್ಲ ವಿಚಾರಿಸಿ, ಕಾಫಿ ತರಿಸಿಕೊಟ್ಟು, ‘ನೋಡೋಣ’ ಎಂದು ಕಳಿಸುತ್ತಿದ್ದರು. ಈ ‘ನೋಡೋಣ’ ಎಂಬುದು ನಮ್ಮೂರಿನ ಮರ್ಯಾದಸ್ಥರ ‘ಬೇಡ’.

ಹಿಂದಿನ ದಿನ ಫ್ಲೆಕ್ಸ್ ಅಂಗಡಿಯ ಯಜಮಾನರು ಫೋನ್ ಮಾಡಿದ್ದರು. ಒಳ್ಳೆಯ ಮನುಷ್ಯ. ನನ್ನ ಕುರ್ಚಿಯನ್ನು ಅಲ್ಲಿಯವರೆಗೂ ಖಾಲಿ ಇಟ್ಟುಕೊಂಡಿದ್ದರು. ಈಗ ಇನ್ನೊಬ್ಬ ಹುಡುಗಿ ಬರಲು ಒಪ್ಪಿದ್ದಾಳೆ, ನಾಳೆ ಸಂಜೆ ಹೊತ್ತಿಗೆ ನೀನು ಬರುತ್ತೀಯೋ ಇಲ್ಲವೋ ಹೇಳಿಬಿಡಮ್ಮ ಎಂದರು. ನಾನೂ ಶಬಾನಾಳೂ ಆ ರಾತ್ರಿಯೇ ತೀರ್ಮಾನ ಮಾಡಿದೆವು. ಬೇರೆ ಊರಿಗೆ ಹೋಗಿ, ಗುರುತಿಲ್ಲದ ಒಬ್ಬರಿಗಾದರೂ ಮಾರಬೇಕು. ಆಗದಿದ್ದರೆ ಮರುದಿನದಿಂದ ನಾನು ಅದೇ ಕುರ್ಚಿಗೆ.

ಬಸ್ ನಿಲ್ದಾಣದಲ್ಲಿ ಸರ್ಕಾರಿ ಬಸ್ಸು ಸಿಕ್ಕಿತು. ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಹರಿಸಿಕೊಂಡೆ. ಬಂಡವಾಳವಿಲ್ಲದ ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಶಕುನ ಇನ್ನೇನು ಬೇಕು. ಬಸ್ಸಿನ ತುಂಬ ಹೆಂಗಸರು, ನಿಂತಿದ್ದವರೂ ಹೆಂಗಸರೇ. ತುಂಗೆಯ ಸೇತುವೆ ದಾಟಿತು, ವಿದ್ಯಾನಗರ ದಾಟಿತು, ನಿದಿಗೆಯ ಹತ್ತಿರ ಬಿಸಿಲು ಕಿಟಕಿಗೆ ಬಂತು. ಪಕ್ಕದಲ್ಲಿ ಕೂತ ಮಹಿಳೆ ಚೀಲದಲ್ಲಿ ಏನಿದೆ ಎಂದು ಕೇಳಿದರು. ಹೇಳಿದೆ. ಮಾಚೇನಹಳ್ಳಿ ಬರುವಷ್ಟರಲ್ಲಿ ಅವರಿಗೆ ಭಾವನ ವೆಬ್‌ಸೈಟನ್ನು ಮೇಲಿನಿಂದ ಕೆಳಗಿನವರೆಗೆ ತೋರಿಸಿ ಮುಗಿಸಿದ್ದೆ. ಅವರು ಅಂಗನವಾಡಿಯಲ್ಲಿ ಕೆಲಸ ಮಾಡುವವರಂತೆ, ಅಂಗಡಿ ಇರಲಿಲ್ಲ. ಆದರೂ ಇಳಿಯುವಾಗ ‘ಒಳ್ಳೇದಾಗ್ಲಿ ಮಾರಾಯ್ತಿ’ ಎಂದು ಹರಸಿದರು. ನನಗೆ ಅಷ್ಟೇ ಸಾಕಾಯಿತು.

ಭದ್ರಾವತಿಯಲ್ಲಿ ಇಳಿದವಳೇ ಮೊದಲು ಕಂಡ ಬೇಕರಿಗೆ ನುಗ್ಗಿದೆ. ಯಜಮಾನ ಬನ್ನುಗಳ ತಟ್ಟೆ ಹೊತ್ತುಕೊಂಡೇ ನನ್ನ ಮಾತು ಕೇಳಿದ. ಬನ್ನು ಬೇಯುವ ವಾಸನೆ ರಸ್ತೆಯ ಆ ತುದಿಗೆ ಹೋಗುತ್ತದೆ, ಅದೇ ನಮ್ಮ ಜಾಹೀರಾತು ಎಂದ. ತಪ್ಪೇನಿಲ್ಲ, ನಾನೂ ಒಂದು ಬನ್ನು ಕೊಂಡೆ. ಮುಂದಿನದು ಡ್ರೈವಿಂಗ್ ಶಾಲೆ. ಅಲ್ಲಿದ್ದವರು ನಾನು ಕಾರು ಕಲಿಯಲು ಬಂದೆನೆಂದು ತಿಳಿದು ಕೂರಿಸಿ ಉಪಚರಿಸಿದರು. ಅರ್ಧ ಗಂಟೆ ನಾನು ಅವರಿಗೆ ವೆಬ್‌ಸೈಟ್ ಮಾರುತ್ತಿದ್ದೆ, ಅವರು ನನಗೆ ಲೈಸೆನ್ಸ್ ಮಾರುತ್ತಿದ್ದರು. ಇಬ್ಬರಿಗೂ ಗಿರಾಕಿ ಸಿಗಲಿಲ್ಲ.

ಹೊಟ್ಟೆ ಹಸಿದು ಒಂದು ಸಣ್ಣ ಹೋಟೆಲಿಗೆ ಹೋಗಿ ಖಾಲಿ ದೋಸೆ ತರಿಸಿದೆ. ಅಬ್ಬಾ, ಆ ದೋಸೆ! ಅಂಚು ಗರಿಗರಿ, ನಡುವೆ ಹತ್ತಿ. ತಿಂದು ಮುಗಿಸಿ ಗಲ್ಲಾದ ಹತ್ತಿರ ಹೋಗಿ, ಇಂಥ ದೋಸೆ ಇಟ್ಟುಕೊಂಡು ವೆಬ್‌ಸೈಟ್ ಇಲ್ಲದಿರುವುದು ಅನ್ಯಾಯ ಎಂದೆ. ಹೋಟೆಲಿನ ಯಜಮಾನರು ನಕ್ಕುಬಿಟ್ಟರು. ಇರುವ ಮೇಜುಗಳೇ ಯಾವಾಗಲೂ ತುಂಬಿರುತ್ತವೆ, ನಿಮ್ಮ ವೆಬ್‌ಸೈಟ್ ನೋಡಿಕೊಂಡು ಬಂದವರನ್ನು ನನ್ನ ತಲೆ ಮೇಲೆ ಕೂರಿಸಲೇ ಎಂದು ಕೇಳಿದರು. ಆಮೇಲೆ ಒಲೆಯ ಮೇಲಿದ್ದ ಕಪ್ಪು ಕಬ್ಬಿಣದ ಕಾವಲಿಯ ಕಡೆ ಕೈ ತೋರಿಸಿದರು. ದೋಸೆ ಚೆನ್ನಾಗಿದ್ದರೆ ಅದರ ಹೆಚ್ಚುಗಾರಿಕೆ ಆ ಕಾವಲಿಯದು, ಅದನ್ನು ಎರಕ ಹೊಯ್ಯುವ ಸೆಲ್ವಿಯಮ್ಮ ಎಂಬವರು ಹೊಳೆಯಾಚೆ ಇದ್ದಾರೆ, ಅವರು ಮಾಡಿದ ಕಾವಲಿಗಳನ್ನು ಯಾರೋ ಸಗಟಿನಲ್ಲಿ ಒಯ್ದು ತಮ್ಮ ಹೆಸರು ಅಂಟಿಸಿ ಮಾರುತ್ತಾರೆ, ಅವರಿಗೆ ಬೇಕು ನೋಡಿ ನಿಮ್ಮ ವೆಬ್‌ಸೈಟು ಎಂದರು.

ನಾನು ಕೈ ಒರೆಸಿಕೊಳ್ಳುತ್ತಲೇ ಆಟೋ ಹಿಡಿದೆ. ಐವತ್ತು ರೂಪಾಯಿ ಕೇಳಿದ, ಚೌಕಾಸಿ ಮಾಡಲೂ ತಾಳ್ಮೆ ಇರಲಿಲ್ಲ. ಭದ್ರೆಯನ್ನು ದಾಟಿ, ಕಬ್ಬಿಣದ ಕಾರ್ಖಾನೆಯವರ ಹಳೆಯ ಕ್ವಾರ್ಟರ್ಸುಗಳ ಸಾಲು ದಾಟಿ, ಒಂದು ತಗಡಿನ ಶೆಡ್ಡಿನ ಮುಂದೆ ಇಳಿಸಿದ. ಒಳಗೆ ಕಪ್ಪು ಮರಳಿನ ರಾಶಿ, ಗೋಡೆಗೆ ಒರಗಿಸಿದ ಕಾವಲಿಗಳು, ಪಡ್ಡಿನ ಗುಳಿಗಳಿರುವ ಬಾಣಲೆಗಳು. ಒಬ್ಬ ಕೆಲಸಗಾರ ಗ್ರೈಂಡರಿನಲ್ಲಿ ಅಂಚು ಉಜ್ಜುತ್ತಿದ್ದ. ಐವತ್ತು ದಾಟಿದ, ಕಟ್ಟುಮಸ್ತಾದ ಹೆಂಗಸೊಬ್ಬರು ಮುಂಗೈವರೆಗೆ ಎಣ್ಣೆ ಮಾಡಿಕೊಂಡು ಕಾವಲಿಗೆ ಅರ್ಧ ಈರುಳ್ಳಿ ತಿಕ್ಕುತ್ತಿದ್ದರು. ಅವರೇ ಸೆಲ್ವಿಯಮ್ಮ.

ಅವರ ತಂದೆ ಕಾರ್ಖಾನೆಯಲ್ಲಿ ಎರಕಕ್ಕೆ ಮರಳಿನ ಅಚ್ಚು ಕಟ್ಟುವವರಾಗಿದ್ದರಂತೆ, ನಿವೃತ್ತರಾದ ಮೇಲೆ ಈ ಶೆಡ್ಡು ಹಾಕಿದ್ದು. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದು ಇಲ್ಲೇ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕಾವಲಿಯನ್ನು ಎತ್ತಿ ಹಿಡಿದು, ಬೆರಳ ಗಿಣ್ಣಿನಿಂದ ಒಂದು ಸಲ ಹೊಡೆದರು. ಠಣ್ ಎಂದಿತು. ಆ ನಾದ ಗೋಡೆ ಮುಟ್ಟಿ ನನ್ನ ಹತ್ತಿರ ವಾಪಸು ಬಂತು.

‘ಕಾವಲಿ ತಗೊಳ್ಳೋರು ಮೊದ್ಲು ಇದನ್ನ ಮಾಡ್ತಾರೆ ಕಣ್ಣು,’ ಎಂದರು. ಎಲ್ಲರನ್ನೂ ಹಾಗೆ ತಮಿಳಿನ ಮುದ್ದಿನಲ್ಲಿ ‘ಕಣ್ಣು’ ಎಂದೇ ಕರೆಯುವ ರೂಢಿ ಅವರದು. ‘ಒಳಗೆ ಬಿರುಕಿದ್ರೆ ಕಣ್ಣಿಗೆ ಕಾಣಲ್ಲ, ಸದ್ದಲ್ಲಿ ಗೊತ್ತಾಗುತ್ತೆ. ನಿನ್ನ ವೆಬ್‌ಸೈಟಲ್ಲಿ ಎಲ್ಲಿ ಹೊಡೆದು ನೋಡ್ತಾರೆ?’

 ನನ್ನದೊಂದು ಗುಣವಿದೆ, ಉತ್ತರ ಗೊತ್ತಿಲ್ಲದಿದ್ದಾಗ ಇನ್ನೂ ಜೋರಾಗಿ ಕೆಲಸ ಶುರುಮಾಡುತ್ತೇನೆ. ಮೊದಲು ಹೇಗೆ ಕಾಣುತ್ತದೆ ನೋಡಿ ಅಮ್ಮಾ, ಬೇಡವೆಂದರೆ ಅಳಿಸಿಬಿಡೋಣ ಎಂದು ಒಪ್ಪಿಸಿದೆ. ಫೋನಿನಲ್ಲಿ ಕಾವಲಿಗಳ ಫೋಟೋ ತೆಗೆದೆ, ಕಾವಲಿ ಹಿಡಿದು ನಿಂತ ಅವರದ್ದೂ ಒಂದು ತೆಗೆದೆ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಮ್ಮ ಸಿದ್ಧ ಮಾದರಿಯಲ್ಲಿ ಫೋಟೋಗಳನ್ನು ಕೂರಿಸಿ, ಹೆಸರು ಬರೆದು, ಪುಟ ತಯಾರು ಮಾಡಿದೆ.  ಗೆದ್ದೆ ಎಂದೇ ಅಂದುಕೊಂಡೆ.

ಸೆಲ್ವಿಯಮ್ಮ ಕೈ ತೊಳೆದು ಬಂದು ಬಗ್ಗಿ ನೋಡಿದರು.  ಗ್ರೈಂಡರಿನವನನ್ನು ಕರೆದು ತೋರಿಸಿದರು. ಅವನು ನೋಡಿ, ‘ಇದು ಅಲ್ಯೂಮಿನಿಯಂ ಅಲ್ವಾ?’ ಎಂದ.

ನಾನೂ ಆಗಲೇ ಸರಿಯಾಗಿ ನೋಡಿದ್ದು. ಕಾವಲಿಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಬೆಳ್ಳಗೆ ಹೊಳೆಯುತ್ತಿದ್ದವು. ಫ್ಲೆಕ್ಸ್ ಅಂಗಡಿಯಲ್ಲಿ ಯಾರ ಫೋಟೋ ಬಂದರೂ ಮೊದಲು ಮಾಡುವ ಕೆಲಸ ಬೆಳಕು ಏರಿಸಿ ಬೆಳ್ಳಗೆ ಮಾಡುವುದು. ಮದುಮಗಳಿರಲಿ, ಮುಖಂಡರಿರಲಿ, ತೀರಿಕೊಂಡ ಅಜ್ಜನಿರಲಿ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಅದು ಆ ಕಸುಬಿನ ಪದ್ಧತಿ. ಕೈ ತನ್ನಷ್ಟಕ್ಕೆ ತಾನೇ ಪರದೆಯ ಮೇಲಿನ ಬೆಳಕಿನ ಪಟ್ಟಿಯನ್ನು ಬಲಕ್ಕೆ ಎಳೆದುಬಿಡುತ್ತದೆ. ಈ ಸಲ ಕಾವಲಿಗೂ ಎಳೆದಿತ್ತು, ಕಾವಲಿ ಹಿಡಿದವರಿಗೂ ಎಳೆದಿತ್ತು.

ಸೆಲ್ವಿಯಮ್ಮ ತಮ್ಮ ಫೋಟೋದ ಮೇಲೆ ಬೆರಳಿಟ್ಟರು. ‘ಇದು ಯಾರಮ್ಮ?’

‘ನೀವೇ’ ಎಂದೆ. 

‘ಮಗಳ ಮದುವೆ ಫ್ಲೆಕ್ಸಲ್ಲೂ ಹಿಂಗೇ ಮಾಡಿದ್ರು. ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತು ಬಂದೋರಿಗೆಲ್ಲ ನಮಸ್ಕಾರ ಹೇಳ್ತಿದೀನಿ, ಅವ್ರು ಫ್ಲೆಕ್ಸ್ ನೋಡ್ತಾರೆ, ನನ್ನ ನೋಡ್ತಾರೆ, ಹುಡುಗಿ ತಾಯಿ ಎಲ್ಲಿ ಅಂತಾರೆ.’ ಅವರು ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು. ‘ಬೇಡ ಕಣ್ಣು. ಅಳಿಸಿಬಿಡು. ಕಾಫಿ ಕುಡ್ಕೊಂಡು ಹೋಗು.’

ಕಾಫಿ ಅರ್ಧಕ್ಕೇ ಬಿಟ್ಟೆ. ಚೀಲ ಎತ್ತಿಕೊಂಡು ಹೊರಗೆ ಬಂದು, ಎದುರಿನ ಗೂಡಂಗಡಿಯ ಬೆಂಚಿನ ಮೇಲೆ ಕುಸಿದು ಕೂತೆ. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಅಲ್ಲೇ ಕೂತು ಶಬಾನಾಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು, ‘ಅಲ್ಲ ಮಾರಾಯ್ತಿ, ಕಾವಲಿಗೂ ಸ್ನೋ ಪೌಡರ್ ಹಚ್ಚಿದ್ಯಾ?’ ಎಂದಳು. ಅಳು ಬರುವಂತಿದ್ದವಳು ನಾನು, ಕಿಸಕ್ಕನೆ ನಕ್ಕೆ. ಇನ್ನು ವಾಪಸು ಬರುತ್ತೇನೆ, ಫ್ಲೆಕ್ಸ್ ಅಂಗಡಿಯ ಯಜಮಾನರಿಗೆ ಫೋನ್ ಮಾಡಿಬಿಡುತ್ತೇನೆ ಎಂದು ಹೇಳುತ್ತಿದ್ದೆ.

ಅಷ್ಟರಲ್ಲಿ ಶೆಡ್ಡಿನ ಮುಂದೆ ಸ್ಕೂಟರಿನಲ್ಲಿ ಬಂದ ಗಂಡ ಹೆಂಡತಿ ಕಾವಲಿ ನೋಡತೊಡಗಿದರು. ಹೆಂಡತಿ ಒಂದನ್ನೆತ್ತಿ ಗಿಣ್ಣಿನಿಂದ ಹೊಡೆದಳು, ಕೆಳಗಿಟ್ಟು ಇನ್ನೊಂದನ್ನು ಹೊಡೆದಳು. ಠಣ್. ಠಣ್. ಫೋನಿನ ಆ ಕಡೆಯಿಂದ ಶಬಾನಾ, ‘ಏನದು ಸದ್ದು, ದೇವಸ್ಥಾನದಲ್ಲಿದ್ದೀಯಾ?’ ಎಂದು ಕೇಳಿದಳು.

 ಇವಳಿಗೆ ಆಲ್ಕೊಳದಲ್ಲಿ ಕೇಳಿಸಿತಲ್ಲ! ಪುಟದಲ್ಲಿ ಸದ್ದು ಹಾಕಬಹುದಾ, ಕಾವಲಿಯ ಫೋಟೋ ಒತ್ತಿದರೆ ಅದರದೇ ನಾದ ಕೇಳುವ ಹಾಗೆ ಮಾಡಬಹುದಾ ಎಂದು ಉಸಿರು ಬಿಡದೆ ಕೇಳಿದೆ. ಅದೇನು ದೊಡ್ಡ ವಿಷಯ, ನೀನು ರೆಕಾರ್ಡ್ ಮಾಡಿ ಕಳಿಸು, ಉಳಿದದ್ದು ನನಗೆ ಬಿಡು ಎಂದಳು. ನಾನು ಆಗಲೇ ರಸ್ತೆ ದಾಟುತ್ತಿದ್ದೆ.

ಸೆಲ್ವಿಯಮ್ಮ ನನ್ನನ್ನು ಕಂಡು ಏನೋ ಮರೆತು ಹೋಗಿದ್ದಾಳೆ ಎಂದುಕೊಂಡರು. ಅರ್ಧ ಗಂಟೆ ಕೊಡಿ, ಆಮೇಲೆ ನನ್ನ ಮುಖ ತೋರಿಸುವುದಿಲ್ಲ ಎಂದು ಕೈ ಮುಗಿದೆ. ಗ್ರೈಂಡರು ನಿಲ್ಲಿಸಿದರು. ಫೋನನ್ನು ಕಾವಲಿಯ ಹತ್ತಿರ ಹಿಡಿದೆ. ಸೆಲ್ವಿಯಮ್ಮ ಕೈ ಎತ್ತಿದ ಕ್ಷಣಕ್ಕೆ ಸರಿಯಾಗಿ ಈರುಳ್ಳಿ ಮಾರುವ ಗಾಡಿ ಮೈಕಿನಲ್ಲಿ ಕೂಗುತ್ತಾ ಓಣಿಗೆ ಬಂತು. ಅದು ಹೋಗುವವರೆಗೆ ಕಾದೆವು. ಎರಡನೇ ಸಲ ಯಾರೋ ಕೆಮ್ಮಿದರು. ಮೂರನೇ ಸಲ ನಾನೇ ಸಂಭ್ರಮ ತಡೆಯಲಾರದೆ ‘ಬಂತು!’ ಎಂದು ಕಿರುಚಿ ಕೆಡಿಸಿದೆ. ಸೆಲ್ವಿಯಮ್ಮನಿಗೆ ಆಗ ಮೊದಲ ಸಲ ನಗು ಬಂತು. ಆಮೇಲೆ ಒಂದೊಂದೇ ಕಾವಲಿ ಹೊಡೆದರು, ಒಂದೊಂದನ್ನೂ ಹಿಡಿದಿಟ್ಟುಕೊಂಡೆ.

ಫೋಟೋಗಳನ್ನು ಹೊಸದಾಗಿ ಹಾಕಿದೆ, ಬೆಳಕಿನ ಪಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಕಪ್ಪು ಕಾವಲಿ ಕಪ್ಪಾಗಿಯೇ ಬಂತು. ಎಣ್ಣೆಯ ಮಿನುಗು ಕೂಡ ಇದ್ದ ಹಾಗೇ ಬಂತು. ಶಬಾನಾ ಅಲ್ಲಿಂದ ಸದ್ದು ಜೋಡಿಸಿ, ಈಗ ನೋಡು ಎಂದು ಸಂದೇಶ ಕಳಿಸಿದಳು. ನಾನು ಫೋನನ್ನು ಸೆಲ್ವಿಯಮ್ಮನ ಕೈಗೆ ಕೊಟ್ಟು, ಒತ್ತಿ ಎಂದೆ.

ಅವರು ಒತ್ತಿದರು. ಆ ಪುಟ್ಟ ಫೋನಿನಿಂದ ಠಣ್ ಎಂದು ಬಂತು. ಇನ್ನೊಂದನ್ನು ಒತ್ತಿದರು, ಅದು ಸ್ವಲ್ಪ ದಪ್ಪ ದನಿ. ಮತ್ತೆ ಮೊದಲನೆಯದು. ಚಿಕ್ಕ ಮಕ್ಕಳ ಹಾಗೆ ಒತ್ತುತ್ತಲೇ ಹೋದರು. ಗ್ರೈಂಡರಿನವನು ಬಗ್ಗಿ ಕಿವಿ ಕೊಟ್ಟ. ಸೆಲ್ವಿಯಮ್ಮ ಥಟ್ಟನೆ ಎದ್ದು ಹೋಗಿ, ಮೂಲೆಯ ರಾಶಿಯಿಂದ ಒಂದು ಕಾವಲಿ ತಂದರು. ನೋಡಲು ಚೆನ್ನಾಗಿಯೇ ಇತ್ತು. ಹೊಡೆದರೆ ದಬ್ ಎಂದಿತು.

‘ಇದನ್ನೂ ಹಾಕು. ಇದು ಒಡೆದದ್ದು, ಇಂಥದ್ದು ಎಲ್ಲೂ ತಗೋಬೇಡಿ ಅಂತ ಬರಿ. ಎರಡೂ ಕೇಳಿಸ್ಕೊಂಡ್ರೆ ತಾನೇ ವ್ಯತ್ಯಾಸ ತಿಳಿಯೋದು?’

ನಾನು ಕುಣಿದಾಡುವುದೊಂದು ಬಾಕಿ. ವೆಬ್‌ಸೈಟ್ ಮಾಡಿಸೋಣ ಎಂದು ಅವರು ಹೇಳಲೇ ಇಲ್ಲ, ನಾನೂ ಕೇಳಲಿಲ್ಲ. ಇನ್ನೇನು ಬರೆಯಬೇಕು, ಬೇರೆ ಊರಿಗೆ ಕಳಿಸುವುದಾದರೆ ಹುಲ್ಲು ಸುತ್ತಿ ಕಳಿಸೋಣವೇ ಎಂದೆಲ್ಲ ಅವರೇ ಶುರು ಮಾಡಿದ್ದರು. ಹೊಸ ಕಾವಲಿಯ ಮೇಲೆ ದೋಸೆ ಹೊಯ್ದು, ಕೆಂಪು ಚಟ್ನಿಯ ಜೊತೆ ಕೊಟ್ಟರು. ಅಲ್ಲೇ ಮುಂಗಡ ಹಾಕಿದರು. ಒಂದೇ ಒಂದು ಮಾತಿಗೆ ಮಾತ್ರ ಪಟ್ಟು ಹಿಡಿದರು, ತಮ್ಮ ಫೋಟೋ ಬೇಡ. ಕಾವಲಿ ಸಾಕು, ಹೆಸರು ಸಾಕು ಎಂದರು. ಬೆಳ್ಳಗೆ ಮಾಡುವುದಿಲ್ಲ ಎಂದು ಆಣೆ ಇಟ್ಟರೂ ಒಪ್ಪಲಿಲ್ಲ. ನಾನು ಹೆಚ್ಚು ಒತ್ತಾಯ ಮಾಡಲಿಲ್ಲ. ಅವರ ಫೋಟೋ ಇರಬೇಕಾದ ಜಾಗವನ್ನು ಖಾಲಿ ಬಿಟ್ಟೆ.

ಭದ್ರಾವತಿಯ ಬಸ್ ನಿಲ್ದಾಣಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಕಾರ್ಖಾನೆ ಕೆಲಸ ಮುಗಿಸಿದವರು, ಕಾಲೇಜಿನ ಹುಡುಗಿಯರು, ಬುಟ್ಟಿ ಹಿಡಿದವರು, ಎಲ್ಲರೂ ಒಂದೇ ಬಸ್ಸಿಗೆ ಮುಗಿಬಿದ್ದಿದ್ದರು. ನಾನು ಹೇಗೋ ಹತ್ತಿ, ನಿಂತುಕೊಂಡೇ ಫ್ಲೆಕ್ಸ್ ಅಂಗಡಿಯ ಯಜಮಾನರಿಗೆ ಫೋನ್ ಮಾಡಿದೆ. ಆ ಹುಡುಗಿಗೆ ಕುರ್ಚಿ ಕೊಟ್ಟುಬಿಡಿ ಎಂದೆ. ಅವರು, ಯಾರಮ್ಮ ಕೊಂಡವರು, ನಿಮ್ಮ ನೆಂಟರೇ ಎಂದು ಕೇಳಿದರು. ‘ಅಲ್ಲ ಸಾರ್, ಪರಿಚಯವೇ ಇಲ್ಲ’ ಎಂದೆ. ಬಸ್ಸಿನಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಅಷ್ಟು ಜೋರಾಗಿ ಹೇಳಿದ್ದೆನೋ ಏನೋ.

ಮುಂದಿನ ನಿಲ್ದಾಣದಲ್ಲಿ ಯಾರೋ ಇಳಿದು ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತಿರುಗಿ ನೋಡಿದರೆ ಊರಿನ ಮೇಲಿನ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಹೆದರಿಕೊಂಡು ಇಳಿದ ಊರನ್ನು ಬಿಟ್ಟು ಬರಲು ಈಗ ಮನಸ್ಸೇ ಇರಲಿಲ್ಲ. ನಿದಿಗೆ ದಾಟುವಾಗ ಫೋನ್ ಹೊಡೆದುಕೊಂಡಿತು. ಸೆಲ್ವಿಯಮ್ಮ. ಮನಸ್ಸು ಬದಲಾಯಿಸಿದರೇನೋ ಎಂದುಕೊಂಡೇ ಎತ್ತಿದೆ.

ಮಗಳಿಗೆ ತೋರಿಸಿದರಂತೆ. ಮಗಳು ಎಲ್ಲಾ ಕಾವಲಿಗಳನ್ನೂ ಒತ್ತಿ ಕೇಳಿ, ಇದನ್ನೆಲ್ಲ ಮಾಡಿದವರು ಎಲ್ಲಿ, ಈ ಜಾಗ ಯಾಕೆ ಖಾಲಿ ಎಂದಳಂತೆ. ‘ನನ್ನ ಕಾವಲಿ ಕಪ್ಪಗಿದ್ರೇನೆ ಒಳ್ಳೇದು ಅಂತ ನಿನ್ನ ವಾಪಸ್ ಕಳಿಸ್ದೆ. ಆಮೇಲೆ ನಾನೇ ಮುಖ ಮುಚ್ಕೊಂಡ್ರೆ ಹೆಂಗೆ? ಹಾಕು ಕಣ್ಣು. ಇರೋ ಹಂಗೆ ಹಾಕು.’

ಅಲುಗಾಡುವ ಬಸ್ಸಿನಲ್ಲೇ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಕಾವಲಿಯನ್ನು ಎದೆಗೆ ಹಿಡಿದು ನಿಂತ ಆ ಫೋಟೋ ನನ್ನ ಹತ್ತಿರ ಮೊದಲಿನಂತೆಯೇ ಇತ್ತು, ಕೈ ಹಚ್ಚದೆ ಉಳಿದದ್ದು. ಕಪ್ಪು ಮುಖ, ಹಣೆಯ ಮೇಲೆ ಬೆವರು, ಗಲ್ಲದ ಮೇಲೆ ಅಚ್ಚಿನ ಮರಳಿನ ಒಂದು ಗೀರು. ಎಷ್ಟು ಚೆಂದ ಇದ್ದರು! ನನ್ನ ಬೆರಳು ಹಳೆಯ ಅಭ್ಯಾಸದಲ್ಲಿ ಬೆಳಕಿನ ಪಟ್ಟಿಯ ಕಡೆಗೆ ಹೊರಟಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದೆಳೆದು, ಫೋಟೋವನ್ನು ಖಾಲಿ ಜಾಗದಲ್ಲಿ ಕೂರಿಸಿ ಕಳಿಸಿದೆ.

ಬಸ್ಸು ತುಂಗೆಯ ಸೇತುವೆಗೆ ಬರುವ ಹೊತ್ತಿಗೆ ಶಿವಮೊಗ್ಗದ ದೀಪಗಳು ಹತ್ತಿಕೊಂಡಿದ್ದವು. ಸೆಲ್ವಿಯಮ್ಮ ಮತ್ತೆ ಫೋನ್ ಮಾಡಿದರು. ಹಿಂದೆ ಯಾರೋ ಕಾವಲಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು, ನಿಜವಾದ ಕಾವಲಿಯೋ ಫೋನಿನದೋ ನನಗೆ ತಿಳಿಯಲಿಲ್ಲ.

‘ನೋಡ್ದೆ,’ ಎಂದರು. ‘ಹ್ಞಾ. ಇದು ನಾನು.’